ಕೈ ಕುಂತ ಗಾಡಿ

ಊಂ... ಎಂದು ಮೊದಲು ಸಣ್ಣಗೆ, ಆಮೇಲೆ ಗಂಟಲು ತುಂಬಿಕೊಂಡು, ಕೊನೆಗೆ ಯಾರೋ ಬಾಯಿ ಮುಚ್ಚಿದ ಹಾಗೆ ತಟ್ಟನೆ ನಿಂತುಬಿಡುವ ಒಂದು ನರಳಿಕೆ. ಮೊನ್ನೆ ಮಧ್ಯಾಹ್ನ ಊಟ ಮುಗಿಸಿ ವರಾಂಡದಲ್ಲಿ ಕ್ರಾಸ್‌ವರ್ಡ್ ಹಿಡಿದು ಕೂತಿದ್ದೆ. ಬೀದರಿನ ಅಂಚಿನ ಚಿದ್ರಿಯ ನಮ್ಮ ಓಣಿಯಲ್ಲಿ ಬೇಸಿಗೆಯ ಆ ಹೊತ್ತಿಗೆ ಕಾಗೆ ಕೂಡ ಮಾತಾಡುವುದಿಲ್ಲ. ಸದ್ದು ಕೇಳಿದ್ದೇ ನನ್ನ ಕಣ್ಣು ಗೇಟಿನ ಕಡೆ ಹೋಗಲಿಲ್ಲ, ಪಕ್ಕದ ಮನೆಯ ಅಡುಗೆಮನೆಯ ಕಿಟಕಿಯ ಕಡೆ ಹೋಯಿತು. ಇನ್ನೇನು ಅಲ್ಲಿ ಸ್ಟವ್ ಹೊತ್ತುತ್ತದೆ, ಚಹಾದ ಪಾತ್ರೆ ಸದ್ದಾಗುತ್ತದೆ ಎಂದು ಕಾದೆ... ಆ ಕಿಟಕಿ ಈಗ ಇಲ್ಲ. ಹೊಸ ಬಾಡಿಗೆಯವರು ಅದನ್ನು ಮುಚ್ಚಿ ಏಸಿ ಕೂರಿಸಿದ್ದಾರೆ.

ಎದ್ದು ಹೋಗಿ ನೋಡಿದರೆ ತಿರುವಿನಲ್ಲಿ ನೀರಿನ ಟ್ಯಾಂಕರ್ ಹಿಂದೆ ಮುಂದೆ ಒದ್ದಾಡುತ್ತಿತ್ತು. ಡ್ರೈವರ್ ಸ್ಟೀರಿಂಗನ್ನು ಪೂರ್ತಿ ತಿರುಗಿಸಿದಾಗಲೆಲ್ಲ ಆ ಸದ್ದು. ಪವರ್ ಸ್ಟೀರಿಂಗಿನ ಆಯಿಲ್ ಕಡಿಮೆಯಾಗಿ ಅದರಲ್ಲಿ ಗಾಳಿ ಸೇರಿಕೊಂಡರೆ ಪಂಪು ಹೀಗೆ ನರಳುತ್ತದೆ. ಇಡೀ ಜನ್ಮ ಮಕ್ಕಳಿಗೆ ಟೆನ್ಸಸ್ ಕಲಿಸಿದ ನನಗೆ ಇದೆಲ್ಲ ಹೇಗೆ ಗೊತ್ತು ಎಂದರೆ, ವೈನಿಯಿಂದ.

ವೈನಿ ನಮ್ಮ ಪಕ್ಕದ ಮನೆಯವರು. ನನಗೆ ಸಂಬಂಧವೇನಿಲ್ಲ, ಓಣಿಗೆಲ್ಲ ಅವರು ವೈನಿ, ಅಣ್ಣನ ಹೆಂಡತಿ. ಅವರು ನನ್ನನ್ನು ಟೀಚರ್‌ಬಾಯಿ ಎನ್ನುತ್ತಿದ್ದರು. ಸಿಕಂದರಾಬಾದಿನ ಕಾನ್ವೆಂಟಿನಲ್ಲಿ ಓದಿ, ಮದುವೆಯಾಗಿ ಬೀದರಿಗೆ ಬಂದ ಹೊಸದರಲ್ಲಿ, ಇದೇನು ನಾನು ಬಾಯಿಬಡುಕಿ ಎಂದು ಹೇಳುತ್ತಿದ್ದಾರೆಯೇ ಎಂದು ನನಗೆ ಸಿಟ್ಟು ಬಂದಿತ್ತು. ಒಂದು ದಿನ ಕೇಳಿಯೂ ಬಿಟ್ಟೆ. ವೈನಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಕ್ಕಿದ್ದೇ ನಕ್ಕಿದ್ದು. "ಬಾಯಿ ಅಂದ್ರ ಹೆಣ್ಮಕ್ಕಳಿಗೆ ಮರ್ಯಾದಿರಿ. ನೀವು ಹಲ್ಲು ನಾಲಿಗಿ ಸುದ್ದಾ ಹಿಡಕೊಂಡ್ರೇನು?" ಅಂದಿದ್ದರು. ನಮ್ಮ ಸ್ನೇಹ ಶುರುವಾದದ್ದು ಹೀಗೆ, ಒಂದು ಮಾತನ್ನು ಇದ್ದ ಹಾಗೇ ಹಿಡಿದುಕೊಂಡದ್ದರಿಂದ.

ಅವರ ಯಜಮಾನರು ದನದ ಡಾಕ್ಟರು. ಕೊನೆಯ ಪೋಸ್ಟಿಂಗ್ ಔರಾದದಲ್ಲಿ ಮುಗಿಸಿ, ರಿಟೈರ್ ಆದ ಮೇಲೂ ವಾರಕ್ಕೊಮ್ಮೆ ಆ ದಾರಿಯಲ್ಲಿ ಹೋಗುವುದನ್ನು ಬಿಟ್ಟಿರಲಿಲ್ಲ. ಔರಾದದಲ್ಲಿ ವೈನಿಯ ಅಕ್ಕ ಇದ್ದಳು, ಕಣ್ಣು ಮಂಜಾಗಿ ಮನೆ ಹಿಡಿದವಳು. ಅಕ್ಕನನ್ನು ನೋಡಿದ ಹಾಗೂ ಆಯಿತು, ದಾರಿಯ ಹಳ್ಳಿಗಳಲ್ಲಿ ಎಮ್ಮೆ ಎತ್ತುಗಳನ್ನು ವಿಚಾರಿಸಿದ ಹಾಗೂ ಆಯಿತು. ಡಾಕ್ಟರ್ ಸಾಹೇಬರ ಜೀಪು ಹರಾಜಿನಲ್ಲಿ ಹಿಡಿದದ್ದು. ಒಮ್ಮೆ ಹೋರಿಯೊಂದು ಒದ್ದು ಅವರ ಎಡ ಭುಜ ಮುರಿಯಿತು. ಪ್ಲಾಸ್ಟರ್ ಬಿಚ್ಚಿದ ಮೇಲೆ, ಜೀಪಿನ ಸ್ಟೀರಿಂಗ್ ಬಹಳ ಬಿಗಿ ಎಂದು, ಭಾಲ್ಕಿಗೆ ಒಯ್ದು, ಗುಜರಿಗೆ ಬಂದಿದ್ದ ಯಾವುದೋ ದೊಡ್ಡ ಗಾಡಿಯ ಪವರ್ ಸ್ಟೀರಿಂಗ್ ಬಿಚ್ಚಿಸಿ ಇದಕ್ಕೆ ಕೂರಿಸಿಕೊಂಡು ಬಂದರು. ಅಗಲವಾದ ಟೈರುಗಳನ್ನೂ ಹಾಕಿಸಿದರು. ಅಂದಿನಿಂದ ಆ ನರಳಿಕೆ. ತಿರುವಿನಲ್ಲಿ ಊಂ... ಎಂದರೆ ವೈನಿ ಚಹಾಕ್ಕೆ ಇಡುತ್ತಿದ್ದರು; ಸಾಹೇಬರು ಚಪ್ಪಲಿ ಬಿಚ್ಚುವುದರೊಳಗೆ ಕುದಿ ಬಂದಿರುತ್ತಿತ್ತು.

ಔರಾದದ ದಿನ ವೈನಿ ಜೀಪಿನ ಎಡಗಡೆ ಸೀಟಿನಲ್ಲಿ, ಮಡಿಲಲ್ಲಿ ಹುರಿದ ಶೇಂಗಾದ ಪುಡಿಕೆ. ತಾವು ಒಂದಿಷ್ಟು ತಿನ್ನುವುದು, ಸಾಹೇಬರ ಎಡಗೈಯಲ್ಲಿ ಒಂದಿಷ್ಟು ಇಡುವುದು. ಸಾಹೇಬರು ಮುಷ್ಟಿ ಮುಚ್ಚಿ ತೊಡೆಯ ಮೇಲೆ ಇಟ್ಟುಕೊಂಡು "ಆಮ್ಯಾಲ ತಿಂತೀನಿ" ಎನ್ನುತ್ತಿದ್ದರಂತೆ. ಜೀಪು ನಿಂತ ಮೇಲೆ ಬಲಗೈಗೆ ಸುರಿದುಕೊಂಡು ತಿನ್ನುತ್ತಿದ್ದರು. "ಬಿಸಿ ಇದ್ದಾಗ ತಿನ್ನಂದ್ರ ತಿನ್ನಲ್ಲರಿ, ದೊಡ್ಡ ಶಿಸ್ತಿನ ಮನಷಾ" ಎಂದು ವೈನಿ ನನ್ನೆದುರು ಆಡಿಕೊಳ್ಳುತ್ತಿದ್ದರು.

ಸಾಹೇಬರು ತೀರಿಹೋದದ್ದು ಅದೇ ದಾರಿಯಲ್ಲಿ. ಅವತ್ತು ವೈನಿಗೆ ಜ್ವರ, ಅವರೊಬ್ಬರೇ ಹೋಗಿದ್ದರು. ಜನವಾಡ ದಾಟಿದ ಮೇಲೆ ರಸ್ತೆಯ ಎಡಕ್ಕೆ ಒಂದು ಬೇವಿನ ಮರ. ಅದರ ನೆರಳಿಗೆ ಜೀಪು ಅಚ್ಚುಕಟ್ಟಾಗಿ ನಿಂತಿತ್ತು. ಎಂಜಿನ್ ಆಫ್ ಆಗಿತ್ತು, ಎಡಗಡೆಯ ಇಂಡಿಕೇಟರ್ ಮಿಣುಕುತ್ತಲೇ ಇತ್ತು. ಕೂತ ಹಾಗೇ ಹೋಗಿದ್ದರು. ಹೊಲದ ಕಡೆ ಹೊರಟಿದ್ದವರು, ಸಾಹೇಬರು ವಿಶ್ರಾಂತಿ ತೆಗೆದುಕೊಳ್ಳುತ್ತಿದ್ದಾರೆ ಎಂದುಕೊಂಡು, ನಮಸ್ಕಾರ ಹೇಳಿ ಮುಂದೆ ಹೋಗಿದ್ದರಂತೆ...

ಕೆಲವು ತಿಂಗಳು ಜೀಪು ಅಂಗಳದಲ್ಲಿ ಧೂಳು ತಿನ್ನುತ್ತ ನಿಂತಿತು. ಆಮೇಲೆ ಒಂದು ಮುಂಜಾನೆ ವೈನಿ ಬಂದು, "ಟೀಚರ್‌ಬಾಯಿ, ನಿಮಗ ಗಾಡಿ ನಡಸಲಿಕ್ಕಿ ಬರ್ತದಲ್ರಿ, ನನಗ ಕಲಸ್ರಿ" ಅಂದರು. ಅರವತ್ತರ ಹತ್ತಿರದ ಹೆಂಗಸು. ಔರಾದಕ್ಕೆ ಬಸ್ಸು ಇದೆಯಲ್ಲ ಎಂದೆ.

"ಬಸ್ಸಿನಾಗ ಊರು ಮುಟ್ತೀನ್ರಿ. ಜೀಪಿನಾಗ ಹೋಗ್ತೀನಿ."

ಮೊದಲು ನನ್ನ ಸಣ್ಣ ಕಾರಿನಲ್ಲಿ, ಕೆಂಪು ಮಣ್ಣಿನ ಮೈದಾನದಲ್ಲಿ ಕಲಿಸಿದೆ. ಫ್ರ್ಯಾಂಕ್ಲಿ, ನನ್ನ ಯಾವ ಸ್ಟೂಡೆಂಟೂ ಅಷ್ಟು ಬೇಗ ಕಲಿತಿರಲಿಲ್ಲ. ಅಷ್ಟು ವರ್ಷ ಪಕ್ಕದಲ್ಲಿ ಕೂತು ನೋಡಿದವರು. ಕಾಲಿಗೆ ಗೊತ್ತಿರಲಿಲ್ಲ, ಕಣ್ಣಿಗೆ ಎಲ್ಲ ಗೊತ್ತಿತ್ತು. ಲೈಸೆನ್ಸ್ ಆದ ಮೇಲೆ ಜೀಪನ್ನು ಹೊರಗೆ ತೆಗೆದರು. ಮೊದಲ ಸಲ ಔರಾದದ ದಾರಿಗೆ ನಾನೂ ಜೊತೆಗೆ ಹೋದೆ, ಎಡಗಡೆಯ ಸೀಟಿನಲ್ಲಿ.

ಜನವಾಡದವರೆಗೆ ಏನೂ ಅನ್ನಿಸಲಿಲ್ಲ. ಹಳ್ಳ ದಿಣ್ಣೆಯ ರಸ್ತೆ, ವೈನಿ ಎರಡೂ ಕೈಯಲ್ಲಿ ಸ್ಟೀರಿಂಗನ್ನು ಗಟ್ಟಿ ಹಿಡಿದಿದ್ದರು. ಊರು ದಾಟಿ ರಸ್ತೆ ನೇರವಾಯಿತು. ಕಪ್ಪು ಹೊಲಗಳ ಮೇಲೆ ಬಿಸಿಲು ನೀರಿನ ಹಾಗೆ ಅಲುಗುತ್ತಿತ್ತು. ಆಗ ವೈನಿ ಮೆಲ್ಲಗೆ, "ನೋಡ್ರಿ," ಎಂದು ಕೈ ಸಡಿಲ ಬಿಟ್ಟರು. ಸ್ಟೀರಿಂಗ್ ಎಡಕ್ಕೆ ಹೊರಳಿತು. ಜರ್ಕ್ ಹೊಡೆದದ್ದಲ್ಲ. ಗೊತ್ತಿರುವ ಕೈ ತಿರುಗಿಸಿದ ಹಾಗೆ, ಸಾವಧಾನವಾಗಿ. ಜೀಪು ರಸ್ತೆಯ ಅಂಚಿಗೆ ಸರಿಯಿತು. ಎದುರಿಗೆ ಬೇವಿನ ಮರ ದೊಡ್ಡದಾಗುತ್ತ ಬಂತು.

"ವೈನಿ, ಹೋಲ್ಡ್ ಇಟ್" ಎಂದೆ. ಅವರು ರಸ್ತೆ ನೋಡುತ್ತಿರಲಿಲ್ಲ. ಸ್ಟೀರಿಂಗನ್ನೇ ನೋಡುತ್ತಿದ್ದರು, ಮುಖದಲ್ಲಿ ಹೆದರಿಕೆ ಎಂಬುದೇ ಇರಲಿಲ್ಲ. ಮರ ಹತ್ತಿರವಾದಾಗ ಬ್ರೇಕ್ ಒತ್ತಿದರು. ಜೀಪು ನೆರಳಲ್ಲಿ ನಿಂತಿತು. ಅಚ್ಚುಕಟ್ಟಾಗಿ.

"ದಿನಾ ಹಿಂಗೇ ಎಳೀತದ್ರಿ, ಎಡಕ್ಕ" ಅಂದರು ವೈನಿ. "ಮನೀ ಹಿಂದಿನ ರಸ್ತೆದಾಗೂ ಎಳೀತದ. ಅವರಿಗೆ ಇಲ್ಲಿಗೇ ಬರೋದದ ಅನಸ್ತದ."

ನಮ್ಮ ಕಾನ್ವೆಂಟಿನ ಸಿಸ್ಟರುಗಳು ಒಪ್ಪಿಕೊಂಡಿದ್ದ ಘೋಸ್ಟ್ ಒಂದೇ, ಹೋಲಿ ಘೋಸ್ಟ್. ಉಳಿದದ್ದೆಲ್ಲ ನಾನ್‌ಸೆನ್ಸ್ ಎಂದು ಕಲಿತವಳು ನಾನು. ಅದನ್ನೇ ವೈನಿಗೆ ಹೇಳಿದೆ. ಹೇಳುವಾಗ ನನ್ನ ಕೈ ಡ್ಯಾಶ್‌ಬೋರ್ಡನ್ನು ಹಿಡಿದದ್ದು ಬಿಟ್ಟಿರಲಿಲ್ಲ.

ಇದು ಹೀಗೇ ನಡೆಯುತ್ತಿತ್ತೋ ಏನೋ. ಆದರೆ ಒಂದು ದಿನ ನಮ್ಮ ಓಣಿಯ ಹೊರಗೇ ಜೀಪು ಎಡಕ್ಕೆ ಸರಿದು, ಮೇಕೆ ಹೊಡೆದುಕೊಂಡು ಹೋಗುತ್ತಿದ್ದ ಮುದುಕಿಯ ಸೆರಗಿಗೆ ತಾಗುವಷ್ಟು ಹತ್ತಿರ ಹೋಗಿ ನಿಂತಿತು. ಮುದುಕಿಗೆ ಏನೂ ಆಗಲಿಲ್ಲ. ವೈನಿಯನ್ನು ಬಾಯಿಗೆ ಬಂದ ಹಾಗೆ ಬೈದು, ಮೇಕೆಗಳನ್ನೂ ಬೈದು ಹೋದಳು. ಆದರೆ ಸುದ್ದಿ ವೈನಿಯ ಮೈದುನನಿಗೆ ಮುಟ್ಟಿತು. ಸಾಹೇಬರ ತಮ್ಮ, ಬೀದರಿನಲ್ಲಿ ಕಬ್ಬಿಣದ ಅಂಗಡಿ ಇಟ್ಟವರು, ಅತ್ತಿಗೆಯನ್ನು ಕಂಡರೆ ಜೀವ. ಅವತ್ತೇ ಬಂದು ಜೀಪಿನ ಕೀಲಿ ತೆಗೆದುಕೊಂಡರು.

"ವೈನಿ, ಅಣ್ಣ ಹೋದ, ನಿಮ್ಮನ್ನೂ ಕಳಕೋಲಿಕ್ಕಿ ನನಗ ಆಗಂಗಿಲ್ಲ. ಗಾಡಿ ನೀಟಾಗಿ ರಿಪೇರಿ ಆಗಬೇಕು, ನಾ ಬಾಜೂಕ ಕುಂತು ನೋಡಬೇಕು, ಆಮ್ಯಾಲೇ ಕೀಲಿ. ಇಲ್ಲಾಂದ್ರ ನಮ್ಮ ಅಂಗಡೀಗಿ ತೂಕಕ್ಕ ಹಾಕ್ತೀನಿ."

"ನನ್ನೂ ತೂಕಕ್ಕ ಹಾಕಪಾ, ಒಮ್ಮಿಗೇ" ಎಂದರು ವೈನಿ. ಮೈದುನ ನಗಲಿಲ್ಲ.

ಅವತ್ತು ಸಂಜೆ ವೈನಿ ನನ್ನ ವರಾಂಡಕ್ಕೆ ಬಂದು ಕೂತರು. ರಿಪೇರಿ ಆಗದಿದ್ದರೆ ಜೀಪು ಹೋಗುತ್ತದೆ. ರಿಪೇರಿ ಆದರೆ, ಜೀಪು ಉಳಿಯುತ್ತದೆ, ಎಳೆಯುವುದು ನಿಲ್ಲುತ್ತದೆ. ಅವರಿಗೆ ಬೇಕಾದದ್ದು ಜೀಪಲ್ಲ, ಆ ಎಳೆತ.  

ಬೀದರಿನ ಗ್ಯಾರೇಜಿನ ಮಿಸ್ತ್ರಿ ದೊಡ್ಡ ಮಾತುಗಾರ. ಪ್ರತಿ ಮಾತಿಗೂ ಗ್ಯಾರಂಟಿ. ನಾನು ನಿಂತು ಏನೋ ಕೇಳಿದರೆ, "ಮೇಡಂ, ನೀವು ಪಾಠಾ ಹೇಳ್ರಿ, ನಾ ಪಾನಾ ಹಿಡೀತೀನಿ" ಎಂದು ಕೈಯ ಸ್ಪ್ಯಾನರ್ ಎತ್ತಿ ತೋರಿಸುತ್ತಿದ್ದ. ಮೊದಲು ಸ್ಟೀರಿಂಗ್ ಆಯಿಲಿನ ಡಬ್ಬಿ ಬಿಚ್ಚಿ ತೋರಿಸಿದ. ಆಯಿಲ್ ತಳಕ್ಕೆ ಹೋಗಿತ್ತು, ಮೇಲೆ ಮಜ್ಜಿಗೆ ಕಡೆದ ಹಾಗೆ ನೊರೆ. ಹಳೆಯದು ಚೆಲ್ಲಿ ಹೊಸದು ಸುರಿದು, ಸ್ಟೀರಿಂಗನ್ನು ಈ ತುದಿಯಿಂದ ಆ ತುದಿಗೆ ಎಷ್ಟೋ ಸಲ ತಿರುಗಿಸಿ ಒಳಗಿನ ಗಾಳಿ ಹೊರಗೆ ಹಾಕಿದ. ಸಡಿಲವಾಗಿದ್ದ ಬೆಲ್ಟ್ ಬಿಗಿ ಮಾಡಿದ. ಗಾಡಿ ತಿರುಗಿಸಿದರೆ ಸದ್ದೇ ಇಲ್ಲ.

"ನೋಡ್ರಿ ಅಮ್ಮಾರ, ಕೂಸು ಮಲಗ್ದಂಗ ಆಗ್ಯಾದ. ಗ್ಯಾರಂಟಿ."

ವೈನಿಯ ಮುಖ ಸಣ್ಣದಾಯಿತು. "ಇನ್ನ ಚಹಾಕ್ಕ ಯಾವಾಗ ಇಡಬೇಕ್ರಿ ನಾ?" ಎಂದು ನನ್ನ ಕಿವಿಯಲ್ಲಿ ಕೇಳಿದರು.

ಸದ್ದು ಹೋಯಿತು, ಎಡಕ್ಕೆ ಎಳೆಯುವುದು ಹೋಗಲಿಲ್ಲ. ಟೈರಿನ ಗಾಳಿ ಹೆಚ್ಚು ಕಡಿಮೆ ಇರಬೇಕು ಎಂದು ಅದನ್ನು ನೋಡಿದ. ಅಗಲ ಟೈರು ಹಾಕಿಸಿದ್ದಾರೆ, ಅಲೈನ್‌ಮೆಂಟ್ ತಪ್ಪಿರಬೇಕು ಎಂದು ಅದನ್ನು ಸರಿ ಮಾಡಿಸಿದ. ಮುಂದಿನ ಎರಡು ಟೈರುಗಳನ್ನು ಅದಲು ಬದಲು ಮಾಡಿದ. ತಪ್ಪು ಟೈರಿನದಾದರೆ ಎಳೆತ ಬಲಕ್ಕೆ ಹೋಗಬೇಕು. ಹೋಗಲಿಲ್ಲ. ಬ್ರೇಕ್ ಹಿಡಿಯುತ್ತಿದೆಯೇ ಎಂದು ಚಕ್ರ ಮುಟ್ಟಿ ನೋಡಿದ, ತಣ್ಣಗಿತ್ತು. ಒಂದೊಂದು ಸಲ ಸೋತಾಗಲೂ ಅವನ ಗ್ಯಾರಂಟಿ ಸಣ್ಣದಾಗುತ್ತಿತ್ತು, ವೈನಿಯ ಮುಖ ಅರಳುತ್ತಿತ್ತು. ದಿನಾ ಗ್ಯಾರೇಜಿಗೆ ಬಂದು, ಅವನು ಸೋಲಲಿ ಎಂದು ಕಾಯುತ್ತಿದ್ದ ಗಿರಾಕಿ ಅವನಿಗೆ ಹಿಂದೆಂದೂ ಸಿಕ್ಕಿರಲಿಕ್ಕಿಲ್ಲ.

ಆ ದಿನಗಳಲ್ಲೇ ಒಂದು ಮಧ್ಯಾಹ್ನ... ಇದನ್ನು ನಾನು ಯಾರಿಗೂ ಹೇಳಿಲ್ಲ. ನಾನು ಹಾಸಿಗೆಯಲ್ಲಿ ಒರಗಿದ್ದೆ. ತಿರುವಿನಲ್ಲಿ ಊಂ... ಎಂದಿತು. ಕೊನೆಗೆ ಬಾಯಿ ಮುಚ್ಚಿದ ಹಾಗೆ ನಿಂತಿತು. ಪಕ್ಕದ ಮನೆಯಲ್ಲಿ ಸ್ಟವ್ ಹೊತ್ತಿತು. ನಾನು ಗೇಟಿಗೆ ಓಡಿ ಬಂದೆ. ಓಣಿ ಈ ತುದಿಯಿಂದ ಆ ತುದಿಯವರೆಗೆ ಖಾಲಿ, ಬಿಸಿಲು ಮಾತ್ರ. ಟ್ಯಾಂಕರ್ ಇಲ್ಲ, ಆಟೋ ಇಲ್ಲ, ಧೂಳು ಕೂಡ ಎದ್ದಿರಲಿಲ್ಲ. ಜೀಪು ಗ್ಯಾರೇಜಿನಲ್ಲಿತ್ತು. ಕಿಟಕಿಯಿಂದ ವೈನಿ ನನ್ನನ್ನು ನೋಡಿದರು, ನಾನು ಅವರನ್ನು ನೋಡಿದೆ. "ನಿಮಗೂ ಕೇಳಸ್ತಲ್ರಿ?" ಎಂದು ಕೇಳಿದರು. ಇಲ್ಲ ಎಂದೆ. "ಮತ್ತ ಯಾಕ ಹೊರಗ ಬಂದ್ರಿ?" ಎಂದು ಕೇಳಿ, ನನ್ನ ಉತ್ತರಕ್ಕೆ ಕಾಯದೆ, ಚಹಾ ಸೋಸಿದರು.

ಮರುದಿನ ಮಿಸ್ತ್ರಿ ಕರೆಕಳಿಸಿದ. ಅವನ ಮುಖದಲ್ಲಿ ನಗೆ ಇರಲಿಲ್ಲ. ಜೀಪಿನ ಮುಂಭಾಗವನ್ನು ಜ್ಯಾಕ್ ಮೇಲೆ ಎತ್ತಿದ್ದ. ಎರಡೂ ಚಕ್ರ ನೆಲ ಬಿಟ್ಟು ಗಾಳಿಯಲ್ಲಿದ್ದವು. ಒಳಗೆ ಯಾರೂ ಕೂತಿರಲಿಲ್ಲ. ಹೊರಗೆ ನಿಂತೇ ಕೈ ಚಾಚಿ ಕೀಲಿ ತಿರುವಿದ. ಎಂಜಿನ್ ಶುರುವಾಯಿತು. ಒಂದು ಕ್ಷಣ ಏನೂ ಇಲ್ಲ.

ಆಮೇಲೆ ಸ್ಟೀರಿಂಗ್ ತಾನಾಗಿಯೇ ಎಡಕ್ಕೆ ತಿರುಗತೊಡಗಿತು.

ಹಾಡುಹಗಲು, ಆಚೆ ರಸ್ತೆಯಲ್ಲಿ ಬಸ್ಸು, ಆಟೋ, ಹಣ್ಣಿನವರ ಕೂಗು. ನಮ್ಮ ಕಣ್ಣೆದುರು, ಖಾಲಿ ಸೀಟಿನ ಮುಂದೆ, ಸ್ಟೀರಿಂಗ್ ನಿಧಾನಕ್ಕೆ, ಅವಸರವೇ ಇಲ್ಲದೆ ಸುತ್ತುತ್ತಿತ್ತು. ಕೆಳಗೆ ಚಕ್ರಗಳು ಜೊತೆಗೂಡಿ ಹೊರಳುತ್ತಿದ್ದವು. ವೈನಿ ಮುಂದೆ ಹೋದರು. ಜೀಪಿಗೆ ಬಾಗಿಲಿಲ್ಲ, ಹೊರಗಿನಿಂದಲೇ ಬಲಗೈ ಚಾಚಿ, ಸ್ಟೀರಿಂಗಿನ ಬಲ ಅಂಚಿನ ಮೇಲೆ, ಕವರ್ ಸವೆದು ನುಣುಪಾಗಿದ್ದ ಜಾಗದಲ್ಲಿ, ಅಂಗೈ ಇಟ್ಟರು. ಹಿಡಿಯಲಿಲ್ಲ, ಇಟ್ಟರು ಅಷ್ಟೆ. ಸ್ಟೀರಿಂಗ್ ನಿಂತಿತು.

ಮಿಸ್ತ್ರಿ ಟೋಪಿ ತೆಗೆದು ಮತ್ತೆ ಹಾಕಿಕೊಂಡ. "ಅಮ್ಮಾರ, ಸುಳ್ಳು ಯಾಕ ಹೇಳ್ಲಿ. ಬ್ಯಾರೆ ಎಲ್ಲಾ ನೋಡೀನಿ. ಇದರ ಮ್ಯಾಲೆ ಸಾಹೇಬರ ಕೈ ಕುಂತದ."

ಇದು ಬೀದರಿನ ಗ್ಯಾರೇಜುಗಳ ಮಾತು, ಉರ್ದುವಿನಿಂದ ಬಂದದ್ದು. ಒಂದು ಗಾಡಿಯನ್ನು ಒಬ್ಬರೇ ಬಹಳ ವರ್ಷ ನಡೆಸಿದರೆ ಅದರ ಭಾಗಗಳು ಅವರ ರೂಢಿಗೆ ತಕ್ಕಂತೆ ಸವೆಯುತ್ತವೆ, ಬೇರೆಯವರಿಗೆ ಒಗ್ಗುವುದಿಲ್ಲ ಎಂದು ಅದರ ಅರ್ಥ. ವೈನಿ ಇಲ್ಲೇ ಹುಟ್ಟಿ ಬೆಳೆದವರು, ಅವರಿಗೆ ಅದು ಗೊತ್ತಿತ್ತು. ಆದರೂ ಅವರು ಆ ಮಾತನ್ನು, ನಾನು ಹಿಂದೆ ಟೀಚರ್‌ಬಾಯಿಯನ್ನು ಹಿಡಿದುಕೊಂಡ ಹಾಗೆ, ಹಲ್ಲು ನಾಲಿಗೆ ಸುದ್ದಾ ಹಿಡಿದುಕೊಂಡರು. ಟೀಚರ್ ಆದ ನನಗೆ ಕಂಡದ್ದು ಇನ್ನೊಂದು. ಕುಂತಿತ್ತು ಎನ್ನಲಿಲ್ಲ ಆತ, ಕುಂತದ ಅಂದ. ಪ್ರೆಸೆಂಟ್ ಪರ್ಫೆಕ್ಟ್. ಕೂತಿದೆ, ಇನ್ನೂ ಎದ್ದಿಲ್ಲ.

"ತೆಗೀಲಿಕ್ಕಿ ಬರ್ತದೇನ್ರಿ?" ಎಂದೆ ನಾನೇ.

"ಸ್ಟೀರಿಂಗ್ ಬಾಕ್ಸೇ ಬದಲಿ ಮಾಡಬೇಕ್ರಿ ಮೇಡಂ. ಹೈದ್ರಾಬಾದಿನಿಂದ ತರಸ್ತೀನಿ. ಹೊಸಾದು ಹಾಕಿದ್ರ ಕೈ ಹೋಗ್ತದ. ಗ್ಯಾರಂಟಿ."

ವೈನಿ ಅಂಗೈ ತೆಗೆದಿರಲಿಲ್ಲ. "ಹಾಕ್ದವರನ್ನ ಒಮ್ಮಿ ಕೇಳಿ ಬರ್ತೀನಿ. ಅಲ್ಲೀತನ ಮುಟ್ಟಬ್ಯಾಡ" ಎಂದು ಹೇಳಿ ಹೊರಗೆ ಬಂದರು.

ಭಾಲ್ಕಿಗೆ ನನ್ನ ಕಾರಿನಲ್ಲಿ ಹೋದೆವು. ಆ ಪವರ್ ಸ್ಟೀರಿಂಗ್ ಹಾಕಿಕೊಟ್ಟ ಉಸ್ತಾದ ಗ್ಯಾರೇಜು ಬಿಟ್ಟು ಮನೆಯಲ್ಲೇ ಇದ್ದ. ಮುದುಕ, ಬಾಗಿಲ ಬಳಿ ಮಂಚದ ಮೇಲೆ ಕೂತು ಮೊಮ್ಮಗಳ ಜಡೆ ಬಿಡಿಸುತ್ತಿದ್ದ. ಸಾಹೇಬರು ಹೋದ ಸುದ್ದಿ ಅವನಿಗೆ ಮುಟ್ಟಿರಲಿಲ್ಲ. ಕೇಳಿ, ಮಗುವನ್ನು ಒಳಗೆ ಕಳಿಸಿದ. ವೈನಿ ಜೀಪಿನ ಸಂಗತಿ ಎಲ್ಲ ಹೇಳಿದರು, ಬೇವಿನ ಮರ, ಜ್ಯಾಕು, ಖಾಲಿ ಸೀಟು, ಎಲ್ಲ. ಅವನಿಗೆ ಆಶ್ಚರ್ಯವೇ ಆಗಲಿಲ್ಲ.

"ಅದು ಖರಾಬಿ ಅಲ್ರಿ ಬಾಯಾರ. ನಾನೇ ಹಂಗ ಇಟ್ಟೀನಿ."

ವೈನಿ ಮಂಚದ ಹತ್ತಿರ ಸರಿದರು.

"ಸಾಹೇಬರ ಎಡಗೈ ಮ್ಯಾಲೆ ಏಳ್ತಿದ್ದಿಲ್ರಿ. ಹೋರಿ ಒದ್ದ ಮ್ಯಾಲ ಅದು ಬರೋಬರಿ ಆಗಲೇ ಇಲ್ಲ. ತೊಡಿ ಮ್ಯಾಲಿಂದ ಗೇರಿಗಿ ಹೋಗ್ತಿತ್ತು, ಗೇರಿನಿಂದ ತೊಡೀಗಿ ಬರ್ತಿತ್ತು, ಅಷ್ಟೇ. ಸ್ಟೀರಿಂಗ್ ಹಿಡೀಲಿಕ್ಕಿ ಬಲಗೈ ಒಂದೇ. ಬಲಕ್ಕ ಒಂದೇ ಕೈ ಇಟ್ರ ಅದರ ಭಾರಕ್ಕ ಗಾಡಿ ಬಲಕ್ಕ ಹೋಗ್ತಿತ್ರಿ, ಎದುರು ಬರೋ ಲಾರಿ ಕಡಿ. ಅದಕ್ಕ ಬಾಕ್ಸಿನೊಳಗ ಜರಾ ಎಡಕ್ಕ ಇಟ್ಟು ಕಟ್ಟೀನಿ. ಕೈ ಇಟ್ರ ಗಾಡಿ ಸೀದಾ. ಕೈ ತೆಗದ್ರ ಎಡಕ್ಕ." ಅವನು ತನ್ನ ಎಡಗೈಯನ್ನು ಮಡಿಲಲ್ಲಿ ಮಲಗಿಸಿ ತೋರಿಸಿದ. "ಅವರ ಎಡಗೈ ಕೆಲಸಾ ಗಾಡಿ ಮಾಡಲಿ ಅಂತ... ಎಡಗೈ ಗಾಡಿಯೊಳಗೇ ಇಟ್ಟೀನಿ ಅನ್ರಿ. ಮನ್ಯಾಗ ಹೇಳಬ್ಯಾಡ ಅಂದಿದ್ರು. ಹೇಳಿದ್ರ ಗಾಡಿ ಬಿಡಸ್ತಾರ ಅಂತಿದ್ರು."

ಇಷ್ಟೇನೇ, ಎಂದು ನನಗೆ ಸಮಾಧಾನವಾಗಬೇಕಿತ್ತು. ಎಲ್ಲದಕ್ಕೂ ಲಾಜಿಕಲ್ ಎಕ್ಸ್‌ಪ್ಲನೇಶನ್ ಸಿಕ್ಕಿತ್ತು: ಗ್ಯಾರೇಜಿನಲ್ಲಿ ಸ್ಟೀರಿಂಗ್ ಯಾಕೆ ತಿರುಗಿತು, ವೈನಿ ಕೈ ಇಟ್ಟಾಗ ಯಾಕೆ ನಿಂತಿತು. ಆದರೆ ಸಮಾಧಾನ ಆಗಲಿಲ್ಲ. ಏನೂ ಇಲ್ಲ ಎಂದು ಸಾಬೀತು ಮಾಡಿಕೊಳ್ಳಲು ಬಂದಿದ್ದೆವು. ಇದೆ ಎಂದು, ಎಲ್ಲಿದೆ ಎಂದು, ಇಟ್ಟವನೇ ಹೇಳುತ್ತಿದ್ದ.

ವೈನಿ ಮಾತಾಡಿದ್ದು ಉಸ್ತಾದನ ಜೊತೆ ಅಲ್ಲ, ನನ್ನ ಜೊತೆಯೂ ಅಲ್ಲ. "ಅಂಗಿ ಹಾಕೋಬೇಕಾದ್ರ ಬಾಗಲಾ ಹಾಕೋತಿದ್ರು" ಅಂದರು. ಆಮೇಲೆ, "ಆ ಕೈ ಬಾಯೀತನ ಏಳ್ತಿದ್ದಿಲ್ಲ. ಅದಕ್ಕೇ ಶೇಂಗಾ... ಆ ಕೈ ಮಗ್ಗಲಾಗೇ ಕುಂತಿದ್ದೆ ನಾ. ಅಷ್ಟು ವರ್ಷ."



ಹೊಸ ಬಾಕ್ಸು ತರಿಸಲಿಲ್ಲ. ಮೈದುನ ಪಕ್ಕದಲ್ಲಿ ಕೂತು ಪರೀಕ್ಷೆ ಮಾಡುವ ದಿನ ಬಂತು. ಹಿಂದಿನ ಸೀಟಿನಲ್ಲಿ ನಾನು. ವೈನಿ ಎಡಗೈಯನ್ನು ತೊಡೆಯ ಮೇಲೆ ಇಟ್ಟುಕೊಂಡರು. ಬಲಗೈಯನ್ನು ಆ ಸವೆದ ಜಾಗದ ಮೇಲೆ ಇಟ್ಟರು. ಅವರ ಕೈ ಹಗುರ. ಭಾರ ಸಾಲಲಿ ಎಂದು ಸಾಹೇಬರ ಉಕ್ಕಿನ ಗಡಿಯಾರ ಕಟ್ಟಿಕೊಂಡಿದ್ದರು, ಮಣಿಕಟ್ಟಿನಲ್ಲಿ ಅದು ಬಳೆಯ ಹಾಗೆ ಜಾರುತ್ತಿತ್ತು. ಜೀಪು ಗೆರೆ ಎಳೆದ ಹಾಗೆ ನೇರ ಹೋಯಿತು. ಬೇವಿನ ಮರ ಬಂತು, ದಾಟಿತು. ಯಾರೂ ಎಳೆಯಲಿಲ್ಲ.

"ಈಗ ನೋಡ್ರಿ ಹ್ಯಾಂಗ ನಡದದ," ಎಂದರು ಮೈದುನ, ಜೀಪು ನಿಂತ ಮೇಲೆ ಕೀಲಿಯ ಗೊಂಚಲಿನಿಂದ ತಮ್ಮ ಅಂಗಡಿಯ ಕೀಲಿ ಬೇರೆ ಮಾಡುತ್ತ. "ಆ ಮಿಸ್ತ್ರಿ ರಿಪೇರಿ ಛಲೋ ಮಾಡ್ಯಾನ."

"ಹೌದಪಾ, ಛಲೋ ಮಾಡ್ಯಾನ" ಅಂದರು ವೈನಿ. ಕನ್ನಡಿಯಲ್ಲಿ ನನ್ನ ಕಣ್ಣು ನೋಡಿದರು. ನಾನು ಹೊಲಗಳ ಕಡೆ ತಿರುಗಿದೆ. ಸತ್ಯ ಹೇಳಲಿಲ್ಲ, ಸುಳ್ಳೂ ಹೇಳಲಿಲ್ಲ. ಈವತ್ತಿಗೂ ಅದು ನನಗೆ ಸರಿ ಎಂದೇ ಅನ್ನಿಸುತ್ತದೆ.

ಆಮೇಲೆ ವೈನಿ ಹಾಗೇ ನಡೆಸಿದರು. ಒಂದು ಕೈಯಲ್ಲಿ. ಗಾಡಿಯಲ್ಲಿ ಮಾತ್ರ ಎಂದುಕೊಂಡಿದ್ದೆ. ಕೆಲವು ತಿಂಗಳಲ್ಲಿ ಗಮನಿಸಿದೆ, ಅಂಗಳದ ತಂತಿಗೆ ಬಟ್ಟೆ ಹಾಕುವಾಗಲೂ ಬಲಗೈ ಒಂದೇ ಮೇಲೆ ಏಳುತ್ತಿತ್ತು. ಎಡಗೈ ಸೆರಗಿನೊಳಗೆ. ಭುಜ ಸ್ವಲ್ಪ ಇಳಿಬಿದ್ದು, ಹಿಂದಿನಿಂದ ನೋಡಿದರೆ ಸಾಹೇಬರೇ ನಿಂತ ಹಾಗೆ. ಸಾಹೇಬರ ಭುಜ ಹಾಗೆ ಇಳಿದಿತ್ತು ಎಂಬುದು ನನಗೆ ನೆನಪಾದದ್ದೂ ಆಗಲೇ. ಡಾಕ್ಟರಿಗೆ ತೋರಿಸಿ ಎಂದೆ. "ಏನಾಗ್ಯಾದ್ರಿ ನನಗ?" ಎಂದು ನಿಜವಾಗಿಯೂ ಗೊತ್ತಿಲ್ಲದವರ ಹಾಗೆ ಕೇಳಿದರು. ವೈನಿಗೆ ಸಕ್ಕರೆ ಕಾಯಿಲೆ ಇತ್ತು; ಅಂಥವರಿಗೆ ಭುಜ ಹಿಡಿಯುವುದು ಕಾಮನ್, ಫ್ರೋಜನ್ ಶೋಲ್ಡರ್ ಅನ್ನುತ್ತಾರೆ. ಅದೇ ಇದ್ದೀತು. ಅದೇ ಎಂದು ನಾನು ನನಗೆ ಹೇಳಿಕೊಳ್ಳುತ್ತೇನೆ.

ಅಕ್ಕನಿಗೆ ಬಹಳ ಹುಷಾರಿಲ್ಲದಾಗ ಔರಾದಕ್ಕೆ ಹೋದವರು ಅಲ್ಲೇ ಉಳಿದರು. ಫೋನಿನಲ್ಲಿ ಮಾತಾಡುತ್ತಿದ್ದೆವು. ಮುಂದಿನ ಬೇಸಿಗೆ ಬರುವ ಮೊದಲೇ ಒಂದು ಮುಂಜಾನೆ ಮೈದುನ ಫೋನ್ ಮಾಡಿದರು. ವೈನಿ ನಿದ್ದೆಯಲ್ಲೇ ಹೋದರಂತೆ. ಜೀಪನ್ನು ಮೈದುನ ತೂಕಕ್ಕೆ ಹಾಕಲಿಲ್ಲ. ಬೀದರಿಗೆ ತರಲು ಕಳಿಸಿದ ಡ್ರೈವರ್ ದಾರಿಯಲ್ಲಿ ಬಿಟ್ಟು ಬಸ್ಸು ಹತ್ತಿ ಬಂದ, ಇನ್ನೊಬ್ಬನೂ ಹಾ‌ಗೇ ಮಾಡಿದ. ಎಲ್ಲಿ ಬಿಟ್ಟರು ಎಂದು ನಾನು ಕೇಳಲಿಲ್ಲ. ಅದು ಈಗ ಎಲ್ಲಿದೆಯೋ...

ಮೊನ್ನೆ ಆ ಟ್ಯಾಂಕರ್ ಹೋದ ಮೇಲೆ ಎಷ್ಟೋ ಹೊತ್ತು ಗೇಟಿನಲ್ಲೇ ನಿಂತಿದ್ದೆ. ಮಾತನ್ನು ಇದ್ದ ಹಾಗೇ ಹಿಡಿದುಕೊಳ್ಳುವ ಇನ್ನೊಬ್ಬ ಹೆಂಗಸು ಈ ಓಣಿಯಲ್ಲಿ ಉಳಿದಿಲ್ಲ. ಟೀಚರ್‌ಬಾಯಿ ಎಂದು ಕರೆಯುವವರೂ ಉಳಿದಿಲ್ಲ. ಎಲ್ಲರಿಗೂ ಈಗ ನಾನು ಆಂಟಿ.

ವೈನಿಯನ್ನು ಕೊನೆಯ ಸಲ ನೋಡಿದ್ದು ಅದೇ ಗೇಟಿನಲ್ಲಿ, ಔರಾದಕ್ಕೆ ಹೊರಟಾಗ. ಬ್ಯಾಗು ಹಿಂದೆ ಹಾಕಿ, ಜೀಪು ಶುರು ಮಾಡಿ, ನನ್ನ ಗೇಟಿನ ಮುಂದೆ ನಿಲ್ಲಿಸಿದರು. ನಾನು ಅವತ್ತು ಶೇಂಗಾ ಹುರಿದಿದ್ದೆ. ಬಿಸಿ ಬಿಸಿ ಪುಡಿಕೆ ಕಟ್ಟಿ ಕೊಟ್ಟು, ಜೀಪಿನ ಎಡಗಡೆ ಹೋಗಿ, ಒಂದಿಷ್ಟನ್ನು ಅವರ ಎಡ ಅಂಗೈಗೂ ಹಾಕಿದೆ, ಈಗಲೇ ತಿನ್ನಲಿ ಎಂದು. ವೈನಿ ಮುಷ್ಟಿ ಮುಚ್ಚಿದರು. ಮುಚ್ಚಿದ ಮುಷ್ಟಿಯನ್ನು ತೊಡೆಯ ಮೇಲೆ ಇಟ್ಟುಕೊಂಡರು.

"ಬಿಸಿ ಇದ್ದಾವ, ತಿನ್ರಿ ವೈನಿ" ಎಂದೆ.

ಅವರು ರಸ್ತೆಯ ಕಡೆ ನೋಡುತ್ತ ನಕ್ಕರು. "ಆಮ್ಯಾಲ ತಿಂತೀನಿ" ಅಂದರು.